ಮೆಹರ್ ಆಪಾ ಬಿರಿಯಾನಿ, ಮುನಿರಾಜಣ್ಣನ ಲಿವರ್

ನಾನು ಮಾಡುತ್ತಿದ್ದ ಕೆಲಸ ಇಷ್ಟೇ: ನಿನ್ನೆ ಏನು ತಿಂದಿರಿ ಎಂದು ಜನರನ್ನು ಕೇಳುವುದು, ಅವರು ಹೇಳುವ ಸುಳ್ಳನ್ನು ಗಂಭೀರವಾಗಿ ಬರೆದುಕೊಳ್ಳುವುದು. ಇದಕ್ಕೂ ಸಂಬಳ ಕೊಡುತ್ತಾರೆ ಎಂಬುದನ್ನು ನಮ್ಮತ್ತೆ ಕೊನೆಯವರೆಗೂ ನಂಬಲಿಲ್ಲ. ನಾನು ಎಲ್ಲೋ ಬ್ಯಾಂಕಿನಲ್ಲಿರಬೇಕು, ತಮಾಷೆಗೆ ಹೀಗೆನ್ನುತ್ತೇನೆ ಎಂದುಕೊಂಡಿದ್ದರು.

ಹಲಸೂರಿನ ಒಂದು ಓಣಿಯಲ್ಲಿ, ಹಳೇ ಬಂಗಲೆಯೊಂದರಲ್ಲಿ ನಮ್ಮ ಸಂಶೋಧನಾ ಕೇಂದ್ರವಿತ್ತು. ಬೊಜ್ಜು, ಹಾರ್ಮೋನು, ಲಿವರಿನಲ್ಲಿ ಕೂಡುವ ಕೊಬ್ಬು, ಇವೇ ನಮ್ಮ ವಿಷಯ. ನಾನು ಅಲ್ಲಿನ ಡಯಟಿಷಿಯನ್. ನನ್ನ ಜಾಗಕ್ಕೆ ಬಂದಿರುವ ಇಬ್ಬರು ಹುಡುಗಿಯರು ಮೊನ್ನೆ ಕಾಕ್ಸ್ ಟೌನಿನ ನಮ್ಮ ಮನೆಗೆ ಬಂದಿದ್ದರು. "ಮೇಡಂ, ಈಗೆಲ್ಲ ಆ್ಯಪ್ ಬಂದಿದೆ. ತಟ್ಟೆ ಫೋಟೋ ತೆಗೆದು ಕಳಿಸಿದ್ರೆ ಸಾಕು, ಯಾರೂ ಸುಳ್ಳು ಹೇಳೋಕಾಗಲ್ಲ" ಎಂದರು. ನಾನು ಅವರಿಗೆ ಕಾಫಿ ಕೊಟ್ಟೆ. ಸೌತೆಕಾಯಿಯ ಫೋಟೋ ತೆಗೆದು ಕಳಿಸಿ ಹೋಳಿಗೆ ತಿನ್ನುವುದು ಎಷ್ಟು ಸುಲಭ ಎಂದು ಅವರಿಗೆ ಇನ್ನೂ ಗೊತ್ತಾಗಿಲ್ಲ. ಅವರು ಹೋದ ಮೇಲೆ, ನನಗೆ ಗೊತ್ತಿರುವ ಒಂದಿಷ್ಟನ್ನು ಬರೆದಿಡೋಣ ಎನ್ನಿಸಿತು.

ನಮ್ಮ ಕಾಲದಲ್ಲಿ ಅಳತೆಗೆ ಮಾದರಿಗಳಿದ್ದವು. ರಬ್ಬರಿನ ಇಡ್ಲಿ, ರಟ್ಟಿನ ದೋಸೆ, ನಾನಾ ಗಾತ್ರದ ಚಮಚ, ಜೇಡಿಮಣ್ಣಿನಲ್ಲಿ ಮಾಡಿ ಬಣ್ಣ ಬಳಿದ ಸಣ್ಣ, ಮಧ್ಯಮ, ದೊಡ್ಡ ರಾಗಿಮುದ್ದೆ. ಇವನ್ನು ಮೇಜಿನ ಮೇಲಿಟ್ಟು, "ನೀವು ತಿಂದಿದ್ದು ಇದರಲ್ಲಿ ಯಾವುದು?" ಎಂದು ಕೇಳುತ್ತಿದ್ದೆ. ಹೆಚ್ಚಿನವರು ಸಣ್ಣದನ್ನೇ ತೋರಿಸುತ್ತಿದ್ದರು. ಆ ಸಣ್ಣ ಮುದ್ದೆ ಬೆರಳು ತಾಗಿ ತಾಗಿ ಬಣ್ಣ ಹೋಗಿತ್ತು. ದೊಡ್ಡದು ಅಂಗಡಿಯಿಂದ ತಂದ ಹಾಗೇ ಮಿರಿಮಿರಿ ಮಿಂಚುತ್ತಿತ್ತು.

ನಮ್ಮ ಮುಖ್ಯಸ್ಥರು ಡಾಕ್ಟರ್ ಪದ್ಮನಾಭ. ತುಂಬಾ ಓದಿದವರು, ಇಂಗ್ಲೆಂಡಿನಲ್ಲಿ ಕಲಿತು ಬಂದವರು. ಸಂಜೆ ಕಾರು ನಿಲ್ಲಿಸಿ ಬೇಕರಿಯೊಳಗೆ ಹೋಗುವಾಗ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡುವ ಅಭ್ಯಾಸ ಅವರಿಗಿತ್ತು. ಒಂದು ದಿನ ಲಿವರ್ ಅಳೆಯುವ ಹೊಸ ಯಂತ್ರ ಬಂತು. ಪಕ್ಕೆಲುಬಿನ ಸಂದಿಗೆ ಒಂದು ಕಡ್ಡಿ ಇಟ್ಟರೆ ಅದು ಟಕ್ ಟಕ್ ಎಂದು ತಟ್ಟಿ, ಲಿವರಿನಲ್ಲಿ ಎಷ್ಟು ಕೊಬ್ಬಿದೆ, ಅದು ಎಷ್ಟು ಗಡುಸಾಗಿದೆ ಎಂದು ಪರದೆಯ ಮೇಲೆ ತೋರಿಸುತ್ತದೆ. ಕಂಪನಿಯವನು ತೋರಿಸಲು ಯಾರಾದರೂ ಮಲಗಬೇಕೆಂದ. ನಾವೆಲ್ಲ ಹಿಂದೆ ಸರಿದೆವು. ಸರ್ ಮಾತ್ರ ಧೀರರಂತೆ ಶರ್ಟು ಮೇಲೆತ್ತಿ ಮಲಗಿದರು. "ಎಲ್ಲರೂ ನೋಡ್ಕೊಳ್ಳಿ, ಆರೋಗ್ಯವಂತರ ಲಿವರ್ ಹೇಗಿರುತ್ತೆ ಅಂತ."

ಯಂತ್ರ ತಟ್ಟಿತು. ಸಂಖ್ಯೆ ಬಂತು. ಕಂಪನಿಯವನು ಕೆಮ್ಮಿದ.

"ಮೆಷಿನ್ ಸರಿಯಾಗಿ ಸೆಟ್ ಆಗಿಲ್ಲ" ಎಂದರು ಸರ್. ಅವನು ಸೆಟ್ ಮಾಡಿದ. ಇನ್ನೊಮ್ಮೆ ತಟ್ಟಿತು. ಮೊದಲಿಗಿಂತ ಹೆಚ್ಚು ಬಂತು. ಕೊನೆಗೆ ನನ್ನನ್ನು ಮಲಗಿಸಿ ನೋಡಿದರು. ನನ್ನದು ಸರಿಯಾಗಿಯೇ ಬಂದದ್ದರಿಂದ ಯಂತ್ರದ ತಪ್ಪಲ್ಲ ಎಂದು ಸಾಬೀತಾಯಿತು. ಸರ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಯಾರ ಮುಖವನ್ನೂ ನೋಡಲಿಲ್ಲ. ಮಾರನೇ ದಿನ ಅವರೇ ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, ರಬ್ಬರ್ ಇಡ್ಲಿಯ ಮುಂದೆ ಕೂತರು. "ಕೇಳಿ ವಿಮಲಾ, ಎಲ್ಲರನ್ನೂ ಕೇಳೋ ಹಾಗೇ ಕೇಳಿ." ನಾನು ಕೇಳಿದೆ. ಅವರೂ ಸುಳ್ಳನ್ನೇ ಹೇಳಿದರು. ಆದರೆ ಅಂದಿನಿಂದ ಲಿವರಿನಲ್ಲಿ ಕೊಬ್ಬಿರುವವರನ್ನು ಬೈಯುವುದನ್ನು ಬಿಟ್ಟರು, ಬೆಳಿಗ್ಗೆ ಹಲಸೂರು ಕೆರೆಯ ಸುತ್ತ ನಡೆಯಲೂ ಶುರು ಮಾಡಿದರು.

ನಾನು ಹೇಳಬೇಕೆಂದಿದ್ದ ಕಥೆ ಇದಲ್ಲ. ನಿವೃತ್ತಿಗೆ ಸ್ವಲ್ಪ ಮುಂಚೆ ನಾವು ಒಂದು ಇಂಜೆಕ್ಷನ್ನಿನ ಪರೀಕ್ಷೆ ನಡೆಸಿದೆವು. ಊಟವಾದ ಮೇಲೆ ನಮ್ಮ ಕರುಳು ಒಂದು ಹಾರ್ಮೋನು ಬಿಡುತ್ತದೆ. ಸಾಕು, ಏಳು ಎಂದು ಮಿದುಳಿಗೆ ಹೇಳುವುದು ಅದರ ಕೆಲಸ. ಅದೇ ಥರದ್ದನ್ನು ಔಷಧಿಯಾಗಿ ವಾರಕ್ಕೊಮ್ಮೆ ಚುಚ್ಚಿಕೊಂಡರೆ ಹಸಿವು ತಗ್ಗುತ್ತದೆ, ತೂಕ ಇಳಿಯುತ್ತದೆ. ಲಿವರಿನ ಕೊಬ್ಬೂ ಕರಗುತ್ತದೆಯೇ ಎಂದು ನಾವು ನೋಡಬೇಕಿತ್ತು. ಬಂದವರಲ್ಲಿ ಅರ್ಧ ಜನರಿಗೆ ಔಷಧಿ, ಉಳಿದವರಿಗೆ ನೋಡಲು ಅದೇ ಥರ ಇರುವ ಬರೀ ನೀರು. ಯಾರಿಗೆ ಯಾವುದೆಂದು ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಜೀವಕ್ಕೆ ಅಪಾಯವೆಂದಾಗ ಮಾತ್ರ ಸರ್ ಒಂದು ನಂಬರಿಗೆ ಫೋನು ಮಾಡಿ ಆ ಗುಟ್ಟನ್ನು ತೆರೆಸಬಹುದಿತ್ತು.

ಅದಕ್ಕೆ ಬಂದವರಲ್ಲಿ ಒಬ್ಬರು ಮುನಿರಾಜು. ಕೆ.ಆರ್. ಪುರದ ಆಚೆಯ ಹಳ್ಳಿಯವರು. ಅಪ್ಪನ ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳು. ಹೊಲಕ್ಕೆ ಹೋಗುತ್ತಿದ್ದ ಕಾಲದ ಹಸಿವು ಮಾತ್ರ ಹಾಗೇ ಉಳಿದಿತ್ತು, ನಡೆಯುವುದು ನಿಂತಿತ್ತು. ನನ್ನ ಮೂರು ಮುದ್ದೆಗಳನ್ನು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ: "ಇದಕ್ಕಿಂತ ದೊಡ್ದು ಇಟ್ಟಿಲ್ವಾ ಮೇಡಂ?" ಅಷ್ಟು ವರ್ಷಗಳಲ್ಲಿ ನನಗೆ ನಿಜ ಹೇಳಿದ ಮೊದಲ ಮನುಷ್ಯ. ಅಲ್ಲಿಂದಲೇ ಅವರು ನನಗೆ ಇಷ್ಟವಾದರು.

ಅವರ ಕಷ್ಟ ಬೇರೆ. ಒಂದು ತೊಟ್ಟೂ ಕುಡಿಯದ ಮನುಷ್ಯನಿಗೆ ಲಿವರ್ ತೊಂದರೆ ಎಂದು ರಿಪೋರ್ಟ್ ಬಂದಿತ್ತು. ಹೆಂಡತಿ ಜಯಮ್ಮ ಅದನ್ನು ನೋಡಿ, ಗಂಡ ಕದ್ದು ಕುಡಿಯುತ್ತಾನೆಂದು ತೀರ್ಮಾನಿಸಿ ಮಾತು ಬಿಟ್ಟಿದ್ದರು. ಮುನಿರಾಜು ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. "ನೀವೇ ಹೇಳ್ರೀ ಮೇಡಂ, ಇದು ಮುದ್ದೆ, ಅನ್ನ, ಸ್ವೀಟಿಂದು, ಎಣ್ಣೆ ಹೊಡೆದಿದ್ದಲ್ಲ ಅಂತ." ನಾನು ಹೇಳಿದೆ. ಜಯಮ್ಮ, "ಹಂಗಾದ್ರೆ ಅಡುಗೆ ಮಾಡಿದ ನಂದೇ ತಪ್ಪು ಅಂತೀರಾ?" ಎಂದರು. ನಾನು ಫೋನನ್ನು ಮೆಲ್ಲಗೆ ಮುನಿರಾಜು ಕೈಗೆ ದಾಟಿಸಿದೆ.

ಇನ್ನೊಬ್ಬರು ಮೆಹರುನ್ನೀಸಾ. ಫ್ರೇಜರ್ ಟೌನಿನಲ್ಲಿ ಮದುವೆ ಮನೆಗಳಿಗೆ ಬಿರಿಯಾನಿ ಮಾಡಿಕೊಡುತ್ತಿದ್ದವರು. ಎಲ್ಲರ ಬಾಯಲ್ಲೂ ಮೆಹರ್ ಆಪಾ, ಅಂದರೆ ಮೆಹರ್ ಅಕ್ಕ. ಗಂಡ ತೀರಿಹೋದ ಮೇಲೆ ಆ ಹಂಡೆಗಳಿಂದಲೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದರು. ನಿನ್ನೆ ಏನು ತಿಂದಿರಿ ಎಂದರೆ, "ಏನೂ ಇಲ್ಲ ಮೇಡಂ, ಅಲ್ಲಾ ಕಸಮ್. ನಾನ್ ತಿನ್ನಲ್ಲ, ಬರೀ ರುಚಿ ನೋಡ್ತೀನಿ" ಎನ್ನುತ್ತಿದ್ದರು. ಮಾಂಸ ಬೆಂದಿದೆಯಾ ಎಂದು ಒಂದು ತುಂಡು, ಉಪ್ಪಿಗೆ ಒಂದು ಸೌಟು, ಅಕ್ಕಿ ಅರಳಿತಾ ಎಂದು ಒಂದು ಹಿಡಿ, ಕೊನೆಗೆ ಎಲ್ಲ ಸೇರಿ ಹೇಗಿದೆ ಎಂದು ಒಂದು ತಟ್ಟೆ. ನಾನು ಕೂಡಿಸಿ ನೋಡಿದರೆ ಆ ರುಚಿ ನೋಡುವುದೇ ಎರಡು ಹೊತ್ತಿನ ಊಟ.

ಇಬ್ಬರೂ ತಿಂಗಳಿಗೊಮ್ಮೆ ಒಂದೇ ದಿನ ಬರುತ್ತಿದ್ದರು. ಜಗಲಿಯ ಬೆಂಚಿನ ಮೇಲೆ ಕೂತು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಕಾಯುತ್ತಾ, ಬರೀ ಊಟದ ಮಾತಾಡುತ್ತಿದ್ದರು. ಒಳಗಿದ್ದ ನಮಗೆ ಬಾಯಲ್ಲಿ ನೀರೂರುತ್ತಿತ್ತು. ತಿಂಗಳಿಗಾಗುವ ಇಂಜೆಕ್ಷನ್ ಪೆನ್ನುಗಳನ್ನು ಐಸ್ ಚೀಲದಲ್ಲಿಟ್ಟು ಅವರ ಕೈಗೆ ಕೊಡುತ್ತಿದ್ದೆವು. ಅವರೇ ಮನೆಯಲ್ಲಿ ಹೊಟ್ಟೆಗೆ ಚುಚ್ಚಿಕೊಳ್ಳಬೇಕಿತ್ತು.

ಮೊದಲ ತಿಂಗಳು ಕಳೆದು ಬಂದಾಗ ಮೆಹರ್ ಆಪಾ ಮುಖ ಬಾಡಿತ್ತು. "ಈರುಳ್ಳಿ ಹುರಿಯೋ ವಾಸನೆ ಬಂದ್ರೆ ಹೊಟ್ಟೆ ತೊಳಸತ್ತೆ ಮೇಡಂ. ಮಸೀದಿ ರಸ್ತೆಯವರ ಮದ್ವೇಲಿ ರುಚಿ ನೋಡೋಕಾಗ್ಲಿಲ್ಲ, ಉಪ್ಪು ಜಾಸ್ತಿ ಆಗ್ಬಿಡ್ತು. ಮಾನ ಹೋಯ್ತು." ಅವರ ಕಣ್ಣು ತುಂಬಿತ್ತು. ಮುನಿರಾಜು ಅತ್ತ ಗೊಣಗುತ್ತಿದ್ದರು. "ನಂಗೆ ಏನೂ ಆಗಿಲ್ಲ. ಎಂದಿನಂಗೆ ಹಸೀತದೆ. ಬರೀ ನೀರು ಕೊಟ್ಬುಟ್ಟವ್ರೆ ನಂಗೆ." ಇಬ್ಬರಿಗೂ ಸಮಾಧಾನ ಹೇಳಿ, ಮುಂದಿನ ತಿಂಗಳ ಚೀಲ ಕೊಟ್ಟು ಕಳಿಸಿದೆ.

ಎರಡನೇ ಬಾರಿ ಬಂದಾಗ ಎಲ್ಲ ಬದಲಾಗಿತ್ತು. ಮೆಹರ್ ಆಪಾ ನಗುನಗುತ್ತಾ ಬಂದರು. ಊಟ ಸೇರುತ್ತಿದೆ, ಕೈರುಚಿ ವಾಪಸ್ಸು ಬಂದಿದೆ, ಆದರೂ ತೂಕ ತುಸು ಇಳಿದಿದೆ. ಮುನಿರಾಜು ಪ್ಯಾಂಟು ಜಾರದಂತೆ ಬೆಲ್ಟು ಬಿಗಿದಿದ್ದರು. "ಅರ್ಧ ಮುದ್ದೆಗೇ ಸಾಕಾಗ್ಬುಡ್ತದೆ ಮೇಡಂ, ರಾತ್ರಿ ಊಟನೇ ಬ್ಯಾಡ" ಎಂದು ಮೊದಲ ಬಾರಿಗೆ ಸಣ್ಣ ಮುದ್ದೆ ಮುಟ್ಟಿದರು. ಸರ್ ಹಿಗ್ಗಿದರು. "ನೋಡಿ, ಔಷಧಿ ಹೇಗೆ ಕೆಲಸ ಮಾಡ್ತಿದೆ!" ನಾನೂ ಹಿಗ್ಗಿದೆ. ಬೆಂಚಿನ ಮೇಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿ ಏಕೆ ಕಿಸಕ್ಕೆಂದು ನಕ್ಕರು ಎಂದು ಮಾತ್ರ ನಮಗೆ ತಿಳಿಯಲಿಲ್ಲ.

ಅದಾದ ಮುಂದಿನ ಭಾನುವಾರ ಮುನಿರಾಜು ಮನೆಯಲ್ಲಿ ಬೀಗರ ಊಟ. ಮಗಳ ಮದುವೆಯಾಗಿ ಬೀಗರಿಗೆ ಬಾಡೂಟ ಹಾಕಬೇಕಿತ್ತು. ಊರಿನವರೇ ಅಡುಗೆ ಮಾಡಲಿ ಎಂದು ಜಯಮ್ಮ ಹಟ ಹಿಡಿದರೂ ಕೇಳದೆ, ಮುನಿರಾಜು ಬಿರಿಯಾನಿಯನ್ನು ಮೆಹರ್ ಆಪಾಗೆ ವಹಿಸಿದ್ದರು. ಸೋಮವಾರ ಬೆಳಿಗ್ಗೆ ನಾನು ಕೆಲಸಕ್ಕೆ ಬರುವಷ್ಟರಲ್ಲಿ ಜಯಮ್ಮನ ಫೋನು.

"ಮೇಡಂ, ನಮ್ ಯಜಮಾನ್ರು ಆಸ್ಪತ್ರೇಲವ್ರೆ. ನಿನ್ನೆ ಸಂಜೆಯಿಂದ ಬರೀ ವಾಂತಿ, ಹೊಟ್ಟೆನೋವು. ಆ ಬಿರಿಯಾನಿಯಮ್ಮ ಏನ್ ಹಾಕಿದ್ಳೋ ಏನೋ!"

ನಾನೂ ಸರ್ರೂ ಕಾರಿನಲ್ಲಿ ಹೊರಟೆವು. ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಕಾರು ನಿಂತದ್ದು ನಿಂತೇ ಇತ್ತು. ಸರ್ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಾ, "ಪರೀಕ್ಷೆಯಲ್ಲಿರೋ ಮನುಷ್ಯನಿಗೆ ಏನಾದ್ರೂ ಆದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ನನಗೆ ಮುದ್ದೆಯ ಗಾತ್ರದ ಬಗ್ಗೆ ನಿಜ ಹೇಳಿದ ಆ ಮನುಷ್ಯ ನೆನಪಾಗುತ್ತಿದ್ದರು.

ಕೆ.ಆರ್. ಪುರದ ಆ ನರ್ಸಿಂಗ್ ಹೋಮಿನ ಕಾರಿಡಾರಿನಲ್ಲಿ ಮೆಹರ್ ಆಪಾ ನಮಗಿಂತ ಮುಂಚೆಯೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಜಯಮ್ಮ ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದರು. "ಹಳಸಿದ್ ಮಾಂಸ ಹಾಕವ್ಳೆ. ನಾನ್ ಅವತ್ತೇ ಹೇಳ್ದೆ, ಬ್ಯಾಡ ಅಂತ. ಈವಮ್ಮನ್ ಅಡುಗೆ ಇನ್ಮೇಲೆ ಯಾರೂ ಮುಟ್ಬಾರ್ದು, ಊರಿಗೆಲ್ಲ ಹೇಳ್ತೀನಿ."

ಅಲ್ಲಿಯವರೆಗೂ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡಿದ್ದ ಮೆಹರ್ ಆಪಾ ಈಗ ತಲೆ ಎತ್ತಿದರು. "ನಕ್ಕೋ ಅಮ್ಮಾ, ಬೇಡ! ನನ್ನನ್ನ ಏನ್ ಬೇಕಾದ್ರೂ ಬೈಯಿರಿ. ನನ್ ಬಿರಿಯಾನಿ ಮೇಲೆ ಮಾತ್ರ ಹೇಳ್ಬೇಡಿ. ಅಷ್ಟು ಜನ ತಿಂದ್ರು, ಇವರೊಬ್ಬರಿಗೇ ಯಾಕಾಯ್ತು? ಬಿರಿಯಾನಿಯಿಂದ ಅಲ್ಲ, ಇಂಜೆಕ್ಷನ್ನಿಂದ ಆಗಿರೋದು. ನನ್ನ ಇಂಜೆಕ್ಷನ್ ಅವರು ತಗೊಂಡಿದ್ದಾರೆ!"

ಸರ್ ಕನ್ನಡಕ ತೆಗೆದರು. "ಏನಂದ್ರಿ?"

ಆಮೇಲೆ ಎಲ್ಲ ಹೊರಗೆ ಬಂತು. ಮೊದಲ ತಿಂಗಳು ಮುಗಿದಾಗಿನಿಂದ ಜಗಲಿಯ ಬೆಂಚಿನ ಮೇಲೆ ಅವರಿಬ್ಬರು ಚೀಲ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಆಪಾಗೆ ರುಚಿ ಬೇಕು, ಮುನಿರಾಜುಗೆ ತೂಕ ಇಳಿಯಬೇಕು. ಆಪಾಗೆ ಬಂದಿರುವುದು ಅಸಲಿ, ತಮಗೆ ಬಂದಿರುವುದು ನೀರು ಎಂದು ಮುನಿರಾಜು ಲೆಕ್ಕ ಹಾಕಿದ್ದರು. ಇಬ್ಬರಿಗೂ ಲಾಭ, ಯಾರಿಗೂ ನಷ್ಟವಿಲ್ಲ. "ನಾನು ಬೇಡ ಅಂದೆ ಸರ್. ಮುನಿರಾಜಣ್ಣನೇ, ಏನಾಗ್ತದೆ ಬಿಡಿ ಆಪಾ ಅಂದ್ರು" ಎಂದು ಮೆಹರ್ ಆಪಾ ಅತ್ತರು. ಇದನ್ನು ಹೇಳಿದರೆ ಪರೀಕ್ಷೆಯಿಂದ ಹೊರಗೆ ಹಾಕುತ್ತಾರೆ, ಪುಕ್ಕಟೆ ಚಿಕಿತ್ಸೆ ನಿಲ್ಲುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೂ ಬಿರಿಯಾನಿಯ ಮಾನಕ್ಕಾಗಿ ಬಾಯಿ ಬಿಟ್ಟರು.

ಸರ್ ಸಿಡಿಯುತ್ತಾರೆ ಎಂದುಕೊಂಡೆ. ಅವರು ಮೂಲೆಗೆ ಹೋಗಿ ಆ ನಂಬರಿಗೆ ಫೋನು ಮಾಡಿದರು. ಗುಟ್ಟು ತೆರೆಯಲೇಬೇಕಾದ ಹೊತ್ತು ಅದು. ಅತ್ತಲಿಂದ ಉತ್ತರ ಬಂದಾಗ ಅವರ ಮುಖದ ಮೇಲೆ ಬಂದ ಭಾವವನ್ನು ನಾನು ಅದಕ್ಕೂ ಮುಂಚೆ ಒಮ್ಮೆ ಮಾತ್ರ ನೋಡಿದ್ದೆ, ಆ ಯಂತ್ರ ತಟ್ಟಿದ ದಿನ.

"ವಿಮಲಾ, ಮೆಹರುನ್ನೀಸಾ ಅವರಿಗೆ ಕೊಟ್ಟಿದ್ದೇ ನೀರು. ಮುನಿರಾಜು ಅವರದ್ದು ಔಷಧಿ."

ಅಂದರೆ, ಮೆಹರ್ ಆಪಾ ಮೊದಲ ತಿಂಗಳು ನೀರು ಚುಚ್ಚಿಕೊಂಡು ಊಟ ಬಿಟ್ಟಿದ್ದರು. ಊಟ ಸೇರದಿರಬಹುದು, ವಾಕರಿಕೆ ಬರಬಹುದು ಎಂದು ಶುರುವಿನಲ್ಲೇ ನಾನು ಓದಿ ಹೇಳಿದ್ದನ್ನು ಅವರ ಹೊಟ್ಟೆ ಚಾಚೂ ತಪ್ಪದೆ ಪಾಲಿಸಿತ್ತು. ಮುನಿರಾಜು ಹಸಿವಿಗೆ ಆ ತಿಂಗಳ ಸಣ್ಣ ಪ್ರಮಾಣದ ಅಸಲಿ ಔಷಧಿ ಯಾವ ಮೂಲೆಗೂ ಸಾಲದೆ ಹೋಗಿತ್ತು. ಬದಲಾಯಿಸಿಕೊಂಡ ಮೇಲೆ ಆಪಾ ನೀರೆಂದು ನಂಬಿ ಅಸಲಿಯನ್ನು ಚುಚ್ಚಿಕೊಂಡು ಖುಷಿಯಾಗಿ ಉಂಡಿದ್ದರು. ಮುನಿರಾಜು ನೀರನ್ನೇ ಅಸಲಿ ಎಂದು ನಂಬಿ ಉಪವಾಸ ಬಿದ್ದಿದ್ದರು.

ಇದನ್ನು ಸರ್ ನಿಧಾನವಾಗಿ ವಿವರಿಸಿದರು. ಮೆಹರ್ ಆಪಾ ಕಣ್ಣೊರೆಸಿಕೊಂಡು ಗಮನವಿಟ್ಟು ಕೇಳಿದರು. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ಹಾಗಾದ್ರೆ ಈಗ ನನ್ ಒಳಗೆ ಇರೋದು ಅಸಲಿನಾ?"

"ಹೌದಮ್ಮ."

"ಯಾ ಅಲ್ಲಾ... ಅದಕ್ಕೇ. ಮೇಡಂ, ನಂಗೆ ಹೊಟ್ಟೆ ತೊಳಸ್ತಿದೆ" ಎಂದು ಬೆಂಚಿನ ಮೇಲೆ ಕುಸಿದು ಕೂತರು. ಅಷ್ಟು ಹೊತ್ತು ಬೈಯುತ್ತಿದ್ದ ಜಯಮ್ಮನೇ ಓಡಿಹೋಗಿ ನೀರು ತಂದು ಕುಡಿಸಿದರು.

ಹಾಗಿದ್ದರೆ ಮುನಿರಾಜುಗೆ ವಾಂತಿ ಯಾಕೆ? ಇಂಜೆಕ್ಷನ್ನೂ ಅಲ್ಲ, ಬಿರಿಯಾನಿ ತಿಂದ ಬೇರೆ ಯಾರಿಗೂ ಏನೂ ಆಗಿಲ್ಲ. ಅಷ್ಟರಲ್ಲಿ ಸ್ಕ್ಯಾನಿಂಗ್ ಮುಗಿದು ಅಲ್ಲಿನ ಡಾಕ್ಟರು ಬಂದರು. ಪಿತ್ತಕೋಶದಲ್ಲಿ ಕಲ್ಲು. ಮೈತೂಕ ಹೆಚ್ಚಿರುವವರಲ್ಲಿ ಇದು ಸಾಮಾನ್ಯ, ಎಷ್ಟೋ ವರ್ಷದಿಂದ ಸದ್ದಿಲ್ಲದೆ ಕೂತಿರುತ್ತದೆ. ಒಂದು ತಿಂಗಳು ಅರೆಹೊಟ್ಟೆಯಲ್ಲಿದ್ದು, ಬೀಗರ ಊಟದ ದಿನ ಒಮ್ಮೆಲೇ ಜಿಡ್ಡಿನ ಊಟ ಹೊಡೆದಾಗ ಅದು ಎದ್ದು ಕೂತಿತ್ತು.

ಒಳಗೆ ಹಾಸಿಗೆಯಲ್ಲಿದ್ದ ಮುನಿರಾಜು ನನ್ನನ್ನು ನೋಡಿ ಕ್ಷೀಣವಾಗಿ ನಕ್ಕರು. ಎಷ್ಟು ತಿಂದಿರಿ ಎಂದೆ. "ಇಂಜೆಕ್ಷನ್ ಅದೆಯಲ್ಲ, ಅದೇ ನೋಡ್ಕೊಳ್ತದೆ ಅಂತ ಒಂದ್ ಕೈ ನೋಡ್ಬುಟ್ಟೆ ಮೇಡಂ. ಲೆಕ್ಕ ಬ್ಯಾಡ ಬುಡಿ." ನೀರನ್ನು ನಂಬಿ ಉಪವಾಸ ಮಾಡಿದ ಮನುಷ್ಯ, ಅದೇ ನೀರನ್ನು ನಂಬಿ ಬಿರಿಯಾನಿಯನ್ನೂ ಬಾರಿಸಿದ್ದರು.

ಆಪರೇಷನ್ ಆಗಿ ಅವರು ಚೇತರಿಸಿಕೊಂಡರು. ಸರ್ ನಡೆದದ್ದನ್ನೆಲ್ಲ ಮುಚ್ಚಿಡದೆ ಮೇಲಿನ ಸಮಿತಿಗೆ ಬರೆದರು. ಪೆನ್ನುಗಳನ್ನು ಹೀಗೆ ಕೈಗೆ ಕೊಟ್ಟು ಕಳಿಸಿದ್ದಕ್ಕೆ ಚೆನ್ನಾಗಿ ಬೈಸಿಕೊಂಡರು. ಅಲ್ಲಿಂದ ಮುಂದೆ ಪ್ರತಿಯೊಬ್ಬರೂ ವಾರವಾರ ಕೇಂದ್ರಕ್ಕೇ ಬಂದು ನಮ್ಮ ಕಣ್ಣೆದುರಿಗೆ ಚುಚ್ಚಿಸಿಕೊಳ್ಳಬೇಕೆಂದು ನಿಯಮವಾಯಿತು. ಈಗಿನ ಹುಡುಗಿಯರು ಆ ನಿಯಮಕ್ಕೆ ಶಾಪ ಹಾಕುತ್ತಾರೆ. ಅದು ಯಾರ ಕೃಪೆ ಎಂದು ಅವರಿಗೆ ಗೊತ್ತಿಲ್ಲ. ಆ ಇಬ್ಬರನ್ನೂ ಪರೀಕ್ಷೆಯಿಂದ ಕೈಬಿಟ್ಟೆವು. ಆದರೆ ಸರ್ ಅವರನ್ನು ತಮ್ಮ ಮಾಮೂಲಿ ರೋಗಿಗಳಾಗಿ ಸೇರಿಸಿಕೊಂಡು ಬಿಡಿಗಾಸೂ ಪಡೆಯದೆ ನೋಡಿದರು. ನಾನು ಅವರಿಗೆ ಊಟದ ಕ್ರಮ ಹೇಳಿಕೊಟ್ಟೆ. ರುಚಿ ನೋಡಲು ಟೀ ಚಮಚ ಮಾತ್ರ ಎಂದು ಆಪಾ ಹತ್ತಿರ ಆಣೆ ಮಾಡಿಸಿದೆ. ಇಬ್ಬರ ಲಿವರೂ ಮೆಲ್ಲಮೆಲ್ಲಗೆ ಹಗುರಾಯಿತು.

ಉಳಿದದ್ದು ಬಿರಿಯಾನಿಯ ಮಾನ. ಜಯಮ್ಮ ಅಂದು ಕಾರಿಡಾರಿನಲ್ಲಿ ಆಡಿದ ಮಾತು ಆಪಾಗಿಂತ ಮುಂಚೆ ಫ್ರೇಜರ್ ಟೌನ್ ತಲುಪಿತ್ತು. ಅಲ್ಲಿನ ಒಂದು ದೊಡ್ಡ ಮನೆಯವರು ಮೊಮ್ಮಗನ ವಲೀಮಾಗೆ, ಅಂದರೆ ಗಂಡಿನ ಕಡೆಯ ಮದುವೆ ಊಟಕ್ಕೆ, ಕೊಟ್ಟಿದ್ದ ಆರ್ಡರ್ ರದ್ದು ಮಾಡಿದರು. ಮೆಹರ್ ಆಪಾ ಮತ್ತೆ ಬಾಡಿದರು. ಈ ಸಲ ಯಾವ ಇಂಜೆಕ್ಷನ್ನೂ ಕಾರಣವಲ್ಲ.

ಸುದ್ದಿ ತಿಳಿದ ಮುನಿರಾಜು ಒಂದು ಸಂಜೆ ಕಾರು ತಂದು, ಆಪಾರನ್ನೂ ನನ್ನನ್ನೂ ಕೂರಿಸಿಕೊಂಡು ನೇರ ಆ ಮನೆಗೆ ಹೋದರು. ಜಯಮ್ಮನೂ ಮುಂದಿನ ಸೀಟಿನಲ್ಲಿದ್ದರು, ಗಂಡ ಕರೆದುಕೊಂಡು ಬಂದಿದ್ದರು. ಬಾಗಿಲು ತೆರೆದ ಮನೆಯ ಹಿರಿಯಜ್ಜಿ ನಮ್ಮನ್ನು ಕೂರಿಸಿದರು. ಮುನಿರಾಜು ಜೇಬಿನಿಂದ ಒಂದು ಪುಟ್ಟ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಆಪರೇಷನ್ ಮಾಡಿದವರು ಕೊಟ್ಟಿದ್ದ ಕಲ್ಲುಗಳು ಅದರಲ್ಲಿದ್ದವು.

"ಅಮ್ಮಾ, ನನ್ ಹೊಟ್ಟೇಲಿದ್ದದ್ದು ಇದು. ಆಪಾ ಬಿರಿಯಾನಿ ಅಲ್ಲ. ಬೇಕಾದ್ರೆ ಮೇಡಂನ ಕೇಳಿ."

ಅಜ್ಜಿ ಕನ್ನಡಕ ಹಾಕಿಕೊಂಡು ಬಾಟಲಿಯನ್ನು ಬೆಳಕಿಗೆ ಹಿಡಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು. "ಇದು ಒಂದು ಊಟಕ್ಕೆ ಆಗುತ್ತಾ?" ಎಂದು ನನ್ನನ್ನು ಕೇಳಿದರು. ಇಲ್ಲ, ವರ್ಷಗಟ್ಟಲೆ ಬೆಳೆದಿರುವುದು ಎಂದೆ. ಅವರು ಜಯಮ್ಮನ ಕಡೆ ತಿರುಗಿದರು. "ನೀವೂ ತಿಂದ್ರಾ?"

ಜಯಮ್ಮ ಸೆರಗಿನ ಅಂಚು ತಿರುವಿದರು. "ತಿಂದೆ."

"ಏನಾಯ್ತು?"

"ಏನೂ ಆಗ್ಲಿಲ್ಲ" ಎಂದು, ಯಾರ ಮುಖವನ್ನೂ ನೋಡದೆ ಸೇರಿಸಿದರು, "ರಾತ್ರಿ ಇನ್ನೊಂದ್ ತಟ್ಟೆ ಹಾಕ್ಕೊಂಡೆ."

ಆರ್ಡರ್ ವಾಪಸ್ಸು ಬಂತು. ಚಹಾ ಬಂತು. ಮುನಿರಾಜು ಇಡೀ ಕಥೆಯನ್ನು ಮೊದಲಿಂದ ಹೇಳಿದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ನಾವು ಹೊರಡುವಾಗ ನನ್ನನ್ನು ಬಾಗಿಲ ಹತ್ತಿರ ತಡೆದು ಕೈ ಹಿಡಿದುಕೊಂಡರು. ಒಳಗಿದ್ದ ಸೊಸೆಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದರು:

"ಆ ನೀರಿನ ಇಂಜೆಕ್ಷನ್ ನಿಮ್ಮ ಹತ್ರ ಇನ್ನೂ ಇದೆಯಾ ಬೇಟಿ? ನಮ್ಮ ಸೊಸೆ ಊಟ ಸ್ವಲ್ಪ ಜಾಸ್ತಿ."